ಮನೆಯಲ್ಲೇ ಇರುವ ಹೆಲ್ಪರ್‌ಗೆ ದಿನದ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ?

ಪತ್ರ: ನಾವು ಸಿಂಗಪುರಕ್ಕೆ ಬಂದು ಒಂದೂವರೆ ವರ್ಷವಾಯಿತು. ಗಂಡ ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ, ಅಂದರೆ ಹೊರದೇಶದವರಿಗೆ ಇಲ್ಲಿ ಕೊಡುವ ಕೆಲಸದ ಪರವಾನಗಿ ಮೇಲೆ ಇದ್ದಾರೆ. ಐದು ವರ್ಷದ ಮಗ, ಏಳು ತಿಂಗಳ ಮಗಳು. ಇನ್ನೇನು ನಾನೂ ಕೆಲಸಕ್ಕೆ ಸೇರಬೇಕು. ಮನೆಯಲ್ಲೇ ಇದ್ದು ಕೆಲಸ ಮಾಡುವ ಹೆಲ್ಪರ್ ಒಬ್ಬರನ್ನು ಇಟ್ಟುಕೊಳ್ಳಬೇಕು ಅಂತಿದ್ದೇವೆ. ಅಮ್ಮನ ಮನೆಯಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ ಒಬ್ಬರಿದ್ದಾರೆ. ಅವರನ್ನೇ ಕರೆಸಿಕೊಳ್ಳಬಹುದೇ? ಖರ್ಚು ಎಷ್ಟಾಗುತ್ತೆ? ಇಲ್ಲಿನ ಗೆಳತಿಯರು ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇಟ್ಕೊಳ್ಳಿ, ಭಾನುವಾರ ರಜೆ ಕೊಟ್ಟರೆ ಕೆಟ್ಟುಹೋಗ್ತಾರೆ, ಕ್ಯಾಮೆರಾ ಹಾಕಿಸಿ ಅಂತೆಲ್ಲಾ ಹೇಳುತ್ತಾರೆ. ನಮ್ಮದು ಸಸ್ಯಾಹಾರಿ ಮನೆ, ಅದೊಂದು ಚಿಂತೆ. ನಂಬಿಕೆಯವರನ್ನು ಹುಡುಕುವುದು ಹೇಗೆ? (ಹೆಸರು ಹಾಕಬೇಡಿ.)

ಉತ್ತರ:

ಬಹಳ ಪ್ರಶ್ನೆ ಕೇಳಿದ್ದೀರಿ, ಒಳ್ಳೆಯದೇ. ಆದರೆ ಒಂದನ್ನು ಬಿಟ್ಟಿದ್ದೀರಿ. ಆಕೆಯ ಕೆಲಸ ದಿನಾ ಎಷ್ಟು ಗಂಟೆಗೆ ಮುಗಿಯುತ್ತದೆ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದು.

ಅಮ್ಮನ ಮನೆಯವರನ್ನು ಕರೆಸುವ ವಿಚಾರ. ಸಿಂಗಪುರ ಕೆಲವೇ ದೇಶಗಳಿಂದ ಹೆಲ್ಪರ್‌ಗಳನ್ನು ಬರಗೊಡುತ್ತದೆ. ಆ ಪಟ್ಟಿಯಲ್ಲಿ ಭಾರತವೂ ಇದೆ, ಹಾಗಾಗಿ ದಾರಿ ಮುಚ್ಚಿಲ್ಲ. ಆದರೆ ಹೊಸದಾಗಿ ಬರುವವರ ವಯಸ್ಸು 23ರಿಂದ 50ರ ಒಳಗಿರಬೇಕು. ಕನಿಷ್ಠ 8 ವರ್ಷ ಶಾಲೆಗೆ ಹೋಗಿರಬೇಕು, ಅದಕ್ಕೆ ಸರ್ಟಿಫಿಕೇಟ್ ಬೇಕು. ನಿಮಗೆ ನೆಂಟರಾಗಿರಬಾರದು. ಎಷ್ಟೋ ಮನೆಗಳ ಆಸೆ ಈ 8 ವರ್ಷದ ಓದಿನ ಹತ್ತಿರವೇ ನಿಂತುಹೋಗುತ್ತದೆ. ಅಡುಗೆ, ಮಗು, ಮನೆ ಎಲ್ಲವನ್ನೂ ಚೆನ್ನಾಗಿ ನೋಡಿಕೊಳ್ಳುವ ಹೆಂಗಸು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿರುತ್ತಾರೆ. ಅಮ್ಮನಿಗೆ ಫೋನ್ ಮಾಡಿ ಮೊದಲು ಅದನ್ನು ಕೇಳಿ.

ಓದಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಸ್ವಲ್ಪ ಯೋಚಿಸಿ ಅನ್ನುತ್ತೇನೆ. ಅಲ್ಲಿ ಅವರಿಗೆ ತಮ್ಮದೇ ಮನೆಯಿದೆ, ಅಕ್ಕಪಕ್ಕದವರಿದ್ದಾರೆ. ಮನಸ್ಸಿಗೆ ಬಂದರೆ ನಾಳೆಯಿಂದ ಬರಲ್ಲಮ್ಮ ಅನ್ನುವ ಸ್ವಾತಂತ್ರ್ಯವಿದೆ. ಹದಿನೈದನೇ ಮಹಡಿಯ ನಿಮ್ಮ ಮನೆಯಲ್ಲಿ ಅವರಿಗೆ ಮಾತಿಗೆ ಸಿಗುವುದು ನೀವಿಬ್ಬರೇ. ನಿಮ್ಮ ಮೇಲೆ ಬೇಜಾರಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಜೊತೆಗೆ ಸಂಬಳ. ಊರಿನ ಲೆಕ್ಕದಲ್ಲಿ ಇದೇ ಜಾಸ್ತಿ ಅಲ್ವಾ ಅನ್ನುವ ಮಾತು ಇಂಥ ಕಡೆ ಬೇಗ ಬರುತ್ತದೆ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿಯೊಬ್ಬರ ಬಂಧನವಾಗಿ ಎರಡು ದೇಶಗಳ ನಡುವೆ ಜಗಳವೇ ಆಗಿತ್ತು. ಊರಿಂದ ಕರೆಸಿಕೊಂಡ ಮನೆಕೆಲಸದಾಕೆಗೆ ವೀಸಾ ಕಾಗದದಲ್ಲಿ ಗಂಟೆಗೆ 9.75 ಡಾಲರ್ ಅಂತ ತೋರಿಸಿ, ಬೇರೆ ಕಾಗದದಲ್ಲಿ ತಿಂಗಳಿಗೆ 30,000 ರೂಪಾಯಿ ಅಂತ ಬರೆಸಿಕೊಂಡಿದ್ದರು ಅನ್ನುವುದು ಅಲ್ಲಿನ ಆರೋಪವಾಗಿತ್ತು. ಕೆಲಸ ಸಿಂಗಪುರದ್ದಾದರೆ ಸಂಬಳವೂ ಸಿಂಗಪುರದ್ದೇ ಇರಬೇಕು. ಅದು ಕೈಲಾಗದಿದ್ದರೆ ಕರೆಸಬೇಡಿ.

ಬೇಗ ಬೇಕು ಅನ್ನುತ್ತಿದ್ದೀರಿ. ಹಾಗಾದರೆ ಈಗಾಗಲೇ ಸಿಂಗಪುರದಲ್ಲಿದ್ದು ಮನೆ ಬದಲಾಯಿಸುತ್ತಿರುವ ಹೆಲ್ಪರ್ ನಿಮಗೆ ಸರಿಯಾಗಬಹುದು. ಇಲ್ಲಿ ಇವರನ್ನು ಟ್ರಾನ್ಸ್‌ಫರ್ ಅನ್ನುತ್ತಾರೆ. ಎದುರಿಗೆ ಕೂತು ಮಾತಾಡಬಹುದು. ಹಳೇ ಮನೆ ಯಾಕೆ ಬಿಟ್ಟಿರಿ ಅಂತ ಕೇಳಬಹುದು, ಹಳೇ ಮನೆಯವರಿಗೂ ಫೋನ್ ಮಾಡಬಹುದು. ಮನೆ ಬದಲಾಯಿಸುವವರೆಲ್ಲ ತೊಂದರೆಯವರು ಅನ್ನುವ ಮಾತು ಕೇಳಿಬರುತ್ತದೆ. ಸುಮ್ನೆ ಮಾತು. ಎಷ್ಟೋ ಸಲ ಮಾಲೀಕರೇ ದೇಶ ಬಿಟ್ಟು ಹೋಗಿರುತ್ತಾರೆ, ಇಲ್ಲವೇ ಮಕ್ಕಳು ದೊಡ್ಡವರಾಗಿರುತ್ತಾರೆ.

ಏಜೆನ್ಸಿ ಆರಿಸುವಾಗ ಮಾನವಶಕ್ತಿ ಸಚಿವಾಲಯದ ವೆಬ್‌ಸೈಟ್ ನೋಡಿ. ಲೈಸೆನ್ಸ್ ಇರುವ ಪ್ರತಿ ಏಜೆನ್ಸಿ ಎಷ್ಟು ಜನರನ್ನು ಕೆಲಸಕ್ಕೆ ಸೇರಿಸಿದೆ, ಅವರಲ್ಲಿ ಎಷ್ಟು ಮಂದಿ ಒಂದೇ ಮನೆಯಲ್ಲಿ ನಿಂತಿದ್ದಾರೆ ಅನ್ನುವುದು ಅಲ್ಲಿದೆ. ನಗುನಗುತ್ತಾ ಫೈಲ್ ತೋರಿಸುವ ಮ್ಯಾನೇಜರ್‌ಗಿಂತ ಆ ಅಂಕಿಗಳನ್ನು ಹೆಚ್ಚು ನಂಬಬಹುದು.

ಇನ್ನು ದುಡ್ಡು. ಸಂಬಳದ ಹೊರತಾಗಿ ಸರ್ಕಾರಕ್ಕೆ ತಿಂಗಳಿಗೆ 300 ಸಿಂಗಪುರ ಡಾಲರ್ ಲೆವಿ, ಅಂದರೆ ಹೆಲ್ಪರ್ ಇಟ್ಟುಕೊಂಡಿದ್ದಕ್ಕೆ ಶುಲ್ಕ ಕಟ್ಟಬೇಕು. 60 ಡಾಲರ್ ಸಾಕು ಅಂತ ಯಾರಾದರೂ ಹೇಳಿದರೆ, ಆ ರಿಯಾಯಿತಿ ಮಗುವೋ ಹಿರಿಯರೋ ಇರುವ ಸಿಂಗಪುರ ಪ್ರಜೆಗಳ ಮನೆಗೆ. ಪಾಸ್ ಮೇಲೆ ಬಂದವರಿಗಲ್ಲ. ಆಕೆಯ ಎರಡು ವರ್ಷದ ಕೆಲಸದ ಪರ್ಮಿಟ್‌ಗೆ ಲೆವಿಯೇ 7,200 ಡಾಲರ್ ಆಯಿತು. ನಿಯಮ ಪಾಲಿಸುತ್ತೇವೆ ಅನ್ನುವುದಕ್ಕೆ ಸರ್ಕಾರಕ್ಕೆ 5,000 ಡಾಲರ್‌ನ ಸೆಕ್ಯುರಿಟಿ ಬಾಂಡ್ ಕೊಡಬೇಕು. ಅದನ್ನು ಸಾಮಾನ್ಯವಾಗಿ ವಿಮಾ ಕಂಪನಿಯ ಗ್ಯಾರಂಟಿ ಮೂಲಕ ಕೊಡುತ್ತಾರೆ, ಅಷ್ಟೂ ನಗದು ಇಡಬೇಕಿಲ್ಲ. ವರ್ಷಕ್ಕೆ ಕನಿಷ್ಠ 60,000 ಡಾಲರ್‌ನ ವೈದ್ಯಕೀಯ ವಿಮೆ ಬೇಕು, ಅಪಘಾತ ವಿಮೆ ಬೇರೆ. ಕಾಯಿಲೆ ಬಂದರೆ ಖರ್ಚು ನಿಮ್ಮದು, ವಾಪಸ್ ಕಳಿಸುವಾಗ ಟಿಕೆಟ್ಟೂ ನಿಮ್ಮದು.

ಸಂಬಳ ಇಷ್ಟೇ ಇರಬೇಕು ಅಂತ ಸಿಂಗಪುರ ಸರ್ಕಾರ ಹೇಳುವುದಿಲ್ಲ. ಅದಕ್ಕಿಂತ ನೀವು ಜಾಸ್ತಿ ಗಮನ ಕೊಡಬೇಕಾದದ್ದು ಸಾಲದ ಕಡೆ. ಸಿಂಗಪುರದ ಏಜೆನ್ಸಿ ಕೆಲಸದಾಕೆಯಿಂದ ಹೆಚ್ಚೆಂದರೆ ಎರಡು ತಿಂಗಳ ಸಂಬಳದಷ್ಟು ಶುಲ್ಕ ತೆಗೆದುಕೊಳ್ಳಬಹುದು. ಆಕೆಯ ದೇಶದಲ್ಲಿ ಆಗಲೇ ಆಗಿರುವ ಖರ್ಚು ಆ ಮಿತಿಗೆ ಸೇರುವುದಿಲ್ಲ. ಇದೆಲ್ಲವನ್ನೂ ನೀವು ಮುಂಗಡ ಕಟ್ಟಿ ಆಮೇಲೆ ಆಕೆಯ ಸಂಬಳದಲ್ಲಿ ಮುರಿದುಕೊಳ್ಳುವುದು ರೂಢಿ. ಅಂದರೆ ಮೊದಲ ಕೆಲವು ತಿಂಗಳು ಬೆಳಗಿಂದ ರಾತ್ರಿವರೆಗೆ ದುಡಿದರೂ ಆಕೆಯ ಕೈಗೆ ಹೆಚ್ಚೂಕಡಿಮೆ ಏನೂ ಬರುವುದಿಲ್ಲ. ಊರಲ್ಲಿ ಮಕ್ಕಳ ಫೀಸು ಕಟ್ಟಬೇಕು ಅಂತ ಫೋನ್ ಬರುತ್ತಿರುತ್ತದೆ. ಆಕೆ ಮಂಕಾಗಿದ್ದಾಳೆ, ಕೆಲಸದಲ್ಲಿ ಮನಸ್ಸಿಲ್ಲ ಅಂತ ಮನೆಯವರು ದೂರುವುದೂ ಇದೇ ತಿಂಗಳುಗಳಲ್ಲಿ. ಯಾವುದಕ್ಕೆ ಎಷ್ಟು ಅಂತ ಏಜೆನ್ಸಿಯಿಂದ ಬರೆಸಿಕೊಳ್ಳಿ. ಸಾಧ್ಯವಾದರೆ ಒಂದಷ್ಟನ್ನು ನೀವೇ ಹೊತ್ತುಕೊಳ್ಳಿ. ಆಗದಿದ್ದರೆ ಮುರಿಯುವುದನ್ನು ಹೆಚ್ಚು ತಿಂಗಳಿಗೆ ಹಂಚಿ, ಪ್ರತಿ ತಿಂಗಳೂ ಆಕೆಯ ಕೈಗೆ ಸ್ವಲ್ಪವಾದರೂ ಸಿಗಲಿ.

ಸಂಬಳವನ್ನು ತಿಂಗಳು ಮುಗಿದ 7 ದಿನದೊಳಗೆ ಕೊಡಬೇಕು. ಬ್ಯಾಂಕಿಗೇ ಹಾಕಿ. ನಿನ್ನ ದುಡ್ಡು ನನ್ನ ಹತ್ತಿರ ಭದ್ರವಾಗಿರಲಿ ಅನ್ನುವ ಹಾಗಿಲ್ಲ. 2019ರಿಂದ ಅದಕ್ಕೆ ನಿಷೇಧವಿದೆ.

ಪಾಸ್‌ಪೋರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಆಕೆಯದು, ಆಕೆಯ ಹತ್ತಿರವೇ ಇರಬೇಕು. ಗೆಳತಿಯರು ಏನೇ ಹೇಳಲಿ, ಇನ್ನೊಬ್ಬರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು ಸಿಂಗಪುರದಲ್ಲಿ ಅಪರಾಧ.

ಕ್ಯಾಮೆರಾ ಮತ್ತು ಭಾನುವಾರದ ರಜೆ, ಇವೆರಡನ್ನೂ ಸೇರಿಸಿಯೇ ಹೇಳಬೇಕು. 2016ರ ಜುಲೈನಲ್ಲಿ ಸಿಂಗಪುರದ ಒಂದು ಮನೆಯಲ್ಲಿ ಮ್ಯಾನ್ಮಾರ್‌ನಿಂದ ಬಂದಿದ್ದ 24 ವರ್ಷದ ಹೆಲ್ಪರ್ ಮನೆಯವರ ಹಿಂಸೆಯಿಂದ ಸತ್ತಳು. ಆಗ ಆಕೆಯ ತೂಕ 24 ಕಿಲೋ ಇತ್ತು. ಹೊರದೇಶದಲ್ಲಿ ಅದು ಆಕೆಯ ಮೊದಲ ಕೆಲಸ. ಫೋನ್ ಇರಲಿಲ್ಲ, ರಜೆ ಇರಲಿಲ್ಲ. ಆ ಮನೆಯಲ್ಲಿ ಕ್ಯಾಮೆರಾ ಮಾತ್ರ ಇತ್ತು, ಆಕೆಯ ಮೇಲೆ ಕಣ್ಣಿಡಲು ಹಾಕಿಸಿದ್ದು. ಕೋರ್ಟಿನಲ್ಲಿ ಮನೆಯವರ ವಿರುದ್ಧ ಸಾಕ್ಷಿಯಾದದ್ದೂ ಅದೇ ಕ್ಯಾಮೆರಾ. 2021ರಲ್ಲಿ ಮನೆಯೊಡತಿಗೆ 30 ವರ್ಷ ಜೈಲಾಯಿತು. ಅದೇ ವರ್ಷದಿಂದ ಆರು ತಿಂಗಳಿಗೊಮ್ಮೆ ಹೆಲ್ಪರ್‌ಗಳಿಗೆ ಮಾಡಿಸುವ ಕಡ್ಡಾಯ ತಪಾಸಣೆಯಲ್ಲಿ ಡಾಕ್ಟರ್ ತೂಕ ನೋಡುತ್ತಾರೆ, ಮೈಮೇಲೆ ಗಾಯದ ಗುರುತಿದೆಯಾ ಅಂತಲೂ ನೋಡುತ್ತಾರೆ. ಆಗ ನೀವು ಒಳಗೆ ಹೋಗುವಂತಿಲ್ಲ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ರಜೆ ಅನ್ನುವುದು ಯಾಕಿದೆ ಅಂತ ತಿಳಿಯಲಿ ಅಂತ. ವಾರಕ್ಕೊಂದು ರಜೆ 2013ರಿಂದ ಇದೆ. ಆದರೆ ಆಕೆ ಒಪ್ಪಿದರೆ ರಜೆಗೆ ಬದಲು ದುಡ್ಡು ಕೊಡಬಹುದಿತ್ತು, ಹೀಗಾಗಿ ಎಷ್ಟೋ ಜನ ವರ್ಷಗಟ್ಟಲೆ ಹೊರಗೇ ಹೋಗದೆ ಉಳಿದರು. 2023ರ ಜನವರಿ 1ರಿಂದ ತಿಂಗಳಿಗೆ ಕನಿಷ್ಠ ಒಂದು ದಿನದ ರಜೆಯನ್ನು ದುಡ್ಡು ಕೊಟ್ಟು ತಪ್ಪಿಸುವ ಹಾಗಿಲ್ಲ. ತಿಂಗಳಿಗೆ ಒಂದು ದಿನವಾದರೂ ಆಕೆಯನ್ನು ಹೊರಗಿನವರು ನೋಡಲಿ, ಮಾತಾಡಿಸಲಿ. ಭಾನುವಾರ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾ ಕಡೆ ಹೋಗಿ ನೋಡಿ, ಫಿಲಿಪ್ಪೀನ್ಸ್‌ನವರು ತುಂಬಿರುತ್ತಾರೆ. ಪಾಯಾ ಲೇಬಾರ್‌ನ ಸಿಟಿ ಪ್ಲಾಜಾದಲ್ಲಿ ಇಂಡೋನೇಷ್ಯಾದವರು, ಪೆನಿನ್ಸುಲಾ ಪ್ಲಾಜಾದಲ್ಲಿ ಮ್ಯಾನ್ಮಾರ್‌ನವರು. ಊರಿಗೆ ದುಡ್ಡು ಕಳಿಸುತ್ತಾರೆ, ತಮ್ಮ ಊಟ ತಿನ್ನುತ್ತಾರೆ, ಮಾಲೀಕರನ್ನು ಬಯ್ದುಕೊಂಡು ನಗುತ್ತಾರೆ. ನೀವು ಆಫೀಸಿನ ಕ್ಯಾಂಟೀನ್‌ನಲ್ಲಿ ಬಾಸ್ ಬಗ್ಗೆ ಆಡುವುದಿಲ್ಲವೇ? ನಾಲ್ಕು ಭಾನುವಾರವೂ ಕೊಡಿ.

ಕ್ಯಾಮೆರಾ ಹಾಕಿಸಲೇಬೇಕು ಅಂದರೆ ಮಗು ಆಡುವ ಕಡೆ ಹಾಕಿಸಿ. ಎಲ್ಲೆಲ್ಲಿದೆ ಅಂತ ಆಕೆಗೆ ಹೇಳಿ. ಮಲಗುವ, ಬಟ್ಟೆ ಬದಲಾಯಿಸುವ, ಸ್ನಾನ ಮಾಡುವ ಜಾಗದಲ್ಲಿ ಕೂಡದು.

ಈಗ ನೀವು ಕೇಳದ ಪ್ರಶ್ನೆ. ಸಿಂಗಪುರದ ನಿಯಮಗಳು ಎಷ್ಟು ಸೂಕ್ಷ್ಮ ಅಂದರೆ ನಗು ಬರಬಹುದು. ಹಾಸಿಗೆ, ದಿಂಬು, ಹೊದಿಕೆ ಕೊಡಬೇಕು. ಗ್ರಿಲ್ ಹಾಕಿ ಬೀಗ ಹಾಕದೆ, ದೊಡ್ಡವರೊಬ್ಬರು ನಿಂತು ನೋಡದೆ, ಕಿಟಕಿಯ ಹೊರಮೈ ಒರೆಸಲು ಹೇಳುವಂತಿಲ್ಲ. ಒಂದು ದಿನದ ಊಟ ಹೇಗಿರಬೇಕು ಅನ್ನುವುದಕ್ಕೆ ಸಚಿವಾಲಯ ಮಾದರಿ ಕೊಟ್ಟಿದೆ: ಬೆಳಿಗ್ಗೆ ನಾಲ್ಕು ಸ್ಲೈಸ್ ಬ್ರೆಡ್, ಮಧ್ಯಾಹ್ನ ಒಂದು ಬಟ್ಟಲು ಅನ್ನ, ಮುಕ್ಕಾಲು ಕಪ್ ತರಕಾರಿ, ಅಂಗೈಯಷ್ಟು ಮೀನೋ ಮಾಂಸವೋ, ಹಣ್ಣು. ಆದರೆ ದಿನಕ್ಕೆ ಎಷ್ಟು ಗಂಟೆ ಕೆಲಸ? ಅದು ಎಲ್ಲೂ ಇಲ್ಲ. ಕೆಲಸದ ಗಂಟೆಗಳಿಗೆ ಮಿತಿ ಹಾಕುವ ಎಂಪ್ಲಾಯ್‌ಮೆಂಟ್ ಆಕ್ಟ್ ಮನೆಕೆಲಸದವರಿಗೆ ಅನ್ವಯಿಸುವುದೇ ಇಲ್ಲ. ಸಾಕಷ್ಟು ವಿಶ್ರಾಂತಿ ಕೊಡಿ ಅಂತ ಇದೆ, ಅಷ್ಟೇ.

ಹಾಗಾದರೆ ನಿಮ್ಮ ಮನೆಯ ಒಂದು ದಿನ ಲೆಕ್ಕ ಹಾಕಿ. ಮಗನ ಸ್ಕೂಲ್ ಬಸ್ಸಿಗೆ ಡಬ್ಬಿ ಆಗಬೇಕು, ಹಾಗಾಗಿ ಆಕೆ ಐದೂವರೆಗೆ ಏಳುತ್ತಾಳೆ. ನೀವಿಬ್ಬರೂ ಹೊರಟ ಮೇಲೆ ಮಗು ಆಕೆಯದು. ಮಗು ಮಲಗಿದಾಗ ಬಟ್ಟೆ, ನೆಲ, ಮಧ್ಯಾಹ್ನದ ಅಡುಗೆ. ಮಗು ಎದ್ದ ಮೇಲೆ ಮಗ ಬರುತ್ತಾನೆ. ನೀವು ಏಳಕ್ಕೆ ಬಂದು, ಸ್ವಲ್ಪ ಸುಧಾರಿಸಿಕೊಂಡು, ಒಂಬತ್ತಕ್ಕೆ ಊಟಕ್ಕೆ ಕೂತರೆ ಪಾತ್ರೆ ಮುಗಿಯುವುದು ಹತ್ತಕ್ಕೆ. ಹದಿನಾರೂವರೆ ಗಂಟೆ ಆಯಿತು. ರಾತ್ರಿ ಒಂದಕ್ಕೆ ಮಗು ಅತ್ತರೆ ಯಾರು ಏಳುತ್ತಾರೆ? ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ದನಿ ಏರಿಸಿಲ್ಲ. ಆದರೂ ಇಂಥ ದಿನಗಳು ಸಾಲಾಗಿ ಬಂದರೆ ಯಾವ ಮನುಷ್ಯಳೂ ಮಗುವನ್ನು ಸಮಾಧಾನದಿಂದ ನೋಡಿಕೊಳ್ಳಲಾರಳು. ನಂಬಿಕೆಯವರು ಬೇಕು ಅಂದಿರಲ್ಲ, ನಿದ್ದೆ ಇಲ್ಲದವರನ್ನು ಹೇಗೆ ನಂಬುತ್ತೀರಿ?

ಅದಕ್ಕೇ, ಆಕೆ ಬರುವ ಮೊದಲೇ ಗಂಡ ಹೆಂಡತಿ ಕೂತು ಬರೆದುಕೊಳ್ಳಿ. ರಾತ್ರಿ ಎಂಟೂವರೆಗೆ ಕೆಲಸ ಬಂದ್. ಆಮೇಲಿನ ಪಾತ್ರೆ ನೀವು ತೊಳೆಯಿರಿ, ಇಲ್ಲವೇ ಬೆಳಿಗ್ಗೆವರೆಗೆ ಬಿದ್ದಿರಲಿ. ಮಧ್ಯಾಹ್ನ ಮಗು ಮಲಗುವ ಹೊತ್ತಿನಲ್ಲಿ ಒಂದೂವರೆ ಗಂಟೆ ಆಕೆಯೂ ಕಾಲು ಚಾಚಲಿ, ಆ ಹೊತ್ತಿಗೆ ಬೇರೆ ಕೆಲಸ ಇಡಬೇಡಿ. ರಾತ್ರಿ ಮಗು ನಿಮ್ಮ ಕೋಣೆಯಲ್ಲಿ. ಇಸ್ತ್ರಿ ಹೊರಗೆ ಕೊಟ್ಟರೆ ಏನೂ ಗಂಟು ಹೋಗಲ್ಲ. ಈ ಕಾಗದವನ್ನು ಮೊದಲ ದಿನವೇ ಆಕೆಗೆ ತೋರಿಸಿ. ಎಂಟೂವರೆ ಆದ ಮೇಲೆ ಒಂದು ಲೋಟ ನೀರಿಗೂ ಕೂಗಬಾರದು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟ ಇದೇ, ಯಾಕೆಂದರೆ ಆಕೆ ಅಲ್ಲೇ ಇರುತ್ತಾಳೆ.

ಮಲಗುವ ಜಾಗವನ್ನೂ ಈಗಲೇ ನೋಡಿ. ಅನೇಕ ಫ್ಲಾಟ್‌ಗಳಲ್ಲಿ ಬಾಂಬ್ ದಾಳಿಯಾದರೆ ಅಡಗಲು ಅಂತ ಕಟ್ಟಿದ ಉಕ್ಕಿನ ಬಾಗಿಲಿನ ಶೆಲ್ಟರ್ ಕೋಣೆಯನ್ನೇ ಹೆಲ್ಪರ್‌ಗೆ ಕೊಡುತ್ತಾರೆ. ಕಿಟಕಿ ಇರುವುದಿಲ್ಲ. ಒಂದು ರಾತ್ರಿ ನೀವೇ ಅಲ್ಲಿ ಮಲಗಿ ನೋಡಿ. ಸೂಟ್‌ಕೇಸು, ಹಳೇ ಆಟದ ಸಾಮಾನು ಎಲ್ಲ ಹೊರಗೆ ಬರುತ್ತದೆ, ಫ್ಯಾನ್ ಒಂದು ಒಳಗೆ ಹೋಗುತ್ತದೆ.

ಸಸ್ಯಾಹಾರದ ಚಿಂತೆಯನ್ನು ಸಂದರ್ಶನದಲ್ಲೇ ಬಿಚ್ಚಿ ಹೇಳಿ. ಮನೆಯೊಳಗೆ ಮಾಂಸ ಬೇಡ ಅನ್ನುವುದು ನಿಮ್ಮ ನಿಯಮವಾದರೆ ಕೇಳಿ ಒಪ್ಪುವವರು ಸಿಗುತ್ತಾರೆ. ಆದರೆ ಹೊರಗೆ ಏನು ತಿನ್ನಬೇಕು ಅನ್ನುವುದು ನಿಮ್ಮ ವಿಷಯವಲ್ಲ. ನಿಮ್ಮ ಸಾರು ಅನ್ನದಲ್ಲಿ ಆಕೆಯ ಹೊಟ್ಟೆ ತುಂಬುತ್ತಿದೆಯಾ ಅನ್ನುವುದು ಮಾತ್ರ ನಿಮ್ಮ ವಿಷಯ. ಮೊಟ್ಟೆಯಾದರೂ ಆಗಬಹುದಾ, ಬೇರೆ ಪಾತ್ರೆ ಇಟ್ಟರೆ ಆಗುತ್ತಾ, ಊಟಕ್ಕೆ ಬೇರೆ ದುಡ್ಡು ಕೊಡುತ್ತೀರಾ ಅಂತ ಮನೆಯವರು ಮೊದಲು ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಪರ್ಮಿಟ್‌ನಲ್ಲಿರುವ ವಿಳಾಸದಲ್ಲಿ ಮಾತ್ರ ಆಕೆ ಕೆಲಸ ಮಾಡಬಹುದು. ಗೆಳತಿಯ ಮನೆಯಲ್ಲಿ ಹಬ್ಬ ಅಂತ ಒಂದು ದಿನ ಕಳಿಸಿಕೊಡುವುದೂ ಕಾನೂನಿಗೆ ವಿರುದ್ಧ. ನಿಮ್ಮ ಗಂಡನ ಕೆಲಸ ಹೋಗಿ ಪಾಸ್ ರದ್ದಾದರೆ ಆಕೆಯ ಪರ್ಮಿಟ್ ಕೂಡ ಉಳಿಯುವುದಿಲ್ಲ. ಅಂಥ ದಿನ ಬಂದರೆ ಮೊದಲ ವಾರವೇ ಆಕೆಗೆ ಹೇಳಿ, ಬೇರೆ ಮನೆ ಹುಡುಕಿಕೊಳ್ಳಲು ಸಮಯ ಸಿಗುತ್ತದೆ.

ಮೊದಲ ಸಲ ಹೆಲ್ಪರ್ ಇಟ್ಟುಕೊಳ್ಳುವವರು ಅರ್ಜಿ ಹಾಕುವ ಮೊದಲು ಮೂರು ಗಂಟೆಯ ಓರಿಯಂಟೇಶನ್ ಮುಗಿಸಬೇಕು, ಆನ್‌ಲೈನ್‌ನಲ್ಲೂ ಇದೆ. ಅರ್ಜಿ ಗಂಡನ ಹೆಸರಲ್ಲಿ ಅಂತ ಅವರನ್ನು ಮಾತ್ರ ಕೂರಿಸಬೇಡಿ. ಅವರು ಕೂತಾಗ ಪಕ್ಕದಲ್ಲಿ ನೀವೂ ಕೂತು ನೋಡಿ. ಈ ವಾರವೇ ಆಗಲಿ.