ಸ್ಪೇನಿನ ಅಂತರ್ಯುದ್ಧದಲ್ಲಿ ಕಾರ್ಡಿನಲ್ ಗೋಮಾ ಅವರ ರಾಜಕೀಯ ಪಾತ್ರವೇನು?

ಸ್ಪೇನಿನ ಕ್ಯಾಥೊಲಿಕ್ ಚರ್ಚನ್ನು, ಗಣರಾಜ್ಯ ಸರ್ಕಾರದ ವಿರುದ್ಧ ದಂಗೆಯೆದ್ದ ಸೇನೆಯ ನಾಯಕ ಫ್ರಾಂಕೋ ಬೆನ್ನಿಗೆ ನಿಲ್ಲಿಸಿದವರಲ್ಲಿ ತೊಲೆದೊದ ಆರ್ಚ್‌ಬಿಷಪ್ ಇಸಿದ್ರೊ ಗೋಮಾ ಪ್ರಮುಖರು. 1936ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಅವರನ್ನೇ ಫ್ರಾಂಕೋ ಬಳಿ ತನ್ನ ಅನಧಿಕೃತ ಪ್ರತಿನಿಧಿಯನ್ನಾಗಿ ಮಾಡಿಕೊಂಡಿತು.

ಅವರ ಅತಿ ದೊಡ್ಡ ರಾಜಕೀಯ ಹೆಜ್ಜೆ 1937ರ ಜುಲೈ 1ರ ಸಾಮೂಹಿಕ ಪತ್ರ. ಫ್ರಾಂಕೋ ಕೋರಿಕೆಯ ಮೇರೆಗೆ ಗೋಮಾ ಬರೆದು, 43 ಬಿಷಪ್‌ಗಳು ಸಹಿ ಹಾಕಿದ ಈ ಪತ್ರ ಜಗತ್ತಿನ ಎಲ್ಲ ಬಿಷಪ್‌ಗಳ ಮುಂದೆ ಸೇನಾ ದಂಗೆಯನ್ನು ಸಮರ್ಥಿಸಿತು. ಅದರ ಹಿಂದಿನ ನೋವು ಸುಳ್ಳಲ್ಲ: ಗಣರಾಜ್ಯದ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ಸುಮಾರು 6,800 ಪಾದ್ರಿಗಳು, ಸನ್ಯಾಸಿಗಳು, ಸನ್ಯಾಸಿನಿಯರು ಹತರಾದರು. ಆದರೆ ಫ್ರಾಂಕೋ ಪಡೆಗಳು ಉತ್ತರ ಸ್ಪೇನಿನ ಬಾಸ್ಕ್ ಪ್ರದೇಶದ ಪಾದ್ರಿಗಳನ್ನು ಗುಂಡಿಕ್ಕಿ ಕೊಂದಾಗ ಗೋಮಾ ಒಳಗಿಂದೊಳಗೆ ಆಕ್ಷೇಪಿಸಿದರೇ ಹೊರತು ಬಹಿರಂಗವಾಗಿ ಫ್ರಾಂಕೋರನ್ನು ದೂರಲಿಲ್ಲ. ಸತ್ತವರೂ ಅವರದೇ ಚರ್ಚಿನವರು. ಈ ಬಹಿರಂಗ ಮೌನವನ್ನು ನಾನು ಒಪ್ಪಲಾರೆ.

ಆಗ ದೇಶದ ಹೊರಗಿದ್ದ, ಸ್ಪೇನಿನ ತಾರಾಗೋನಾದ ಕಾರ್ಡಿನಲ್ ವಿದಾಲ್ ಪತ್ರಕ್ಕೆ ಸಹಿ ಹಾಕಲಿಲ್ಲ. ಅವರಿಗೆ ತಾಯ್ನಾಡಿಗೆ ಮರಳಲು ಅವಕಾಶವೇ ಸಿಗದೆ, 1943ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಇತ್ತ ಯುದ್ಧ ಗೆದ್ದ ಮೇಲೆ, 1939ರಲ್ಲಿ, ಕ್ಷಮೆಯ ಮಾತೆತ್ತಿ ಗೋಮಾ ಬರೆದ ಪತ್ರದ ಪ್ರಸಾರವನ್ನು ಫ್ರಾಂಕೋ ಸರ್ಕಾರವೇ ತಡೆಯಿತು.