ಗೋವಾದ ಪೊಯಿ ಬ್ರೆಡ್ ಮನೆಯ ಓವನ್‌ನಲ್ಲಿ ಮಾಡಲು ಬರುತ್ತಾ? ಶೇಂದಿ ಹಾಕಲೇಬೇಕಾ?

ಮಾಡಲು ಬರುತ್ತದೆ. ಶೇಂದಿ ಇಲ್ಲದೆಯೂ ಆಗುತ್ತದೆ. ಆದರೆ ಶೇಂದಿ ಬಿಟ್ಟಿರಿ ಅಂತ ರಾತ್ರಿಯಿಡೀ ಹಿಟ್ಟು ಹುದುಗಿಸುವುದನ್ನೂ ಬಿಟ್ಟುಬಿಡಬೇಡಿ. ಒಂದೇ ಗಂಟೆಯಲ್ಲಿ ಉಬ್ಬಿಸಿ ಸುಟ್ಟರೆ ನೋಡಲು ಪೊಯಿ ಥರಾನೇ ಇರುತ್ತದೆ, ಬಾಯಿಗಿಟ್ಟರೆ ಬರೀ ಹಿಟ್ಟು.

ಕೆಲಸದ ಮೇಲೆ ಕೆಲವು ವರ್ಷ ಮಡಗಾಂವ್‌ನಲ್ಲಿದ್ದೆ. ಅಲ್ಲಿ ಬ್ರೆಡ್ ಮಾಡುವವರಿಗೆ, ಮನೆಮನೆಗೆ ತರುವವರಿಗೆ ಪೊದೇರ್ ಅಂತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೈಕಲ್ಲಿನಲ್ಲಿ ಪೋಂ ಪೋಂ ಅಂತ ರಬ್ಬರ್ ಹಾರ್ನ್ ಒತ್ತುತ್ತಾ ಬರುತ್ತಾರೆ. ಹಿಂದಿನ ಬುಟ್ಟಿಯಲ್ಲಿ ಮೆತ್ತನೆಯ ಪಾವ್, ಗಟ್ಟಿ ಸಿಪ್ಪೆಯ ಗುಂಡು ಉಂಡೊ, ಕತ್ತರಿಯಿಂದ ಸೀಳಿದ ಕಾತ್ರೆ ಪಾವ್, ಚಹಾದಲ್ಲಿ ಅದ್ದಿ ತಿನ್ನುವ ಬಳೆ ಆಕಾರದ ಕಾಂಕೊಣ್. ಅದರ ಜೊತೆ ಪೊಯಿ. ಅಂಗೈಯಗಲ, ಒಳಗೆ ಟೊಳ್ಳು, ಮೈತುಂಬ ಗೋಧಿ ತೌಡು. ನನ್ನನ್ನು ಕೇಳಿದರೆ ಆ ಬುಟ್ಟಿಯಲ್ಲಿ ದುಡ್ಡು ಕೊಟ್ಟು ತಗೊಳ್ಳಬೇಕಾದದ್ದು ಇದೊಂದೇ.

ಶೇಂದಿ ವಿಷಯಕ್ಕೆ ಬರುತ್ತೇನೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಊಟಕ್ಕೆ ಅವರಿಗೆ ಬ್ರೆಡ್ ಬೇಕು. ಅವರ ದೇಶದ ಯೀಸ್ಟ್ ಇಲ್ಲಿ ಎಲ್ಲಿಂದ ಬರಬೇಕು? ತೆಂಗಿನ ಮರದ ಶೇಂದಿ ಆ ಕೆಲಸ ಮಾಡಿತು. ಮರದಿಂದ ಇಳಿಸಿದ ರಸದಲ್ಲಿ ಯೀಸ್ಟೂ ಇರುತ್ತದೆ, ಹುಳಿ ತರುವ ಬ್ಯಾಕ್ಟೀರಿಯಾನೂ ಇರುತ್ತದೆ. ಎರಡೂ ಸೇರಿ ಹಿಟ್ಟು ಉಬ್ಬಿಸುತ್ತವೆ, ಜೊತೆಗೆ ತೆಳುವಾದ ಹುಳಿ ಕೊಡುತ್ತವೆ. ಜೆಸ್ಯೂಟ್ ಪಾದ್ರಿಗಳು ಊರಿನವರಿಗೆ ಈ ಕೆಲಸ ಮೊದಲು ಕಲಿಸಿದ್ದು ದಕ್ಷಿಣ ಗೋವಾದ ಸಾಲ್ಸೆಟ್‌ನ ಮಾಜೋರ್ಡಾ ಹಳ್ಳಿಯಲ್ಲಿ ಅಂತ ಅಲ್ಲಿಯವರು ಹೇಳುತ್ತಾರೆ. ಈಗ ಮರ ಹತ್ತುವವರೇ ಕಡಿಮೆ. ಹೆಚ್ಚಿನ ಬ್ರೆಡ್ ಭಟ್ಟಿಗಳಲ್ಲಿ ಅಂಗಡಿ ಯೀಸ್ಟೇ ನಡೆಯುತ್ತಿದೆ. ನೀವು ಗೋವಾದಲ್ಲಿ ತಿಂದು ಮೆಚ್ಚಿದ ಪೊಯಿಯಲ್ಲೂ ಬಹುಶಃ ಶೇಂದಿ ಇರಲಿಲ್ಲ! ಹಾಗಾಗಿ ಅದಕ್ಕೋಸ್ಕರ ಊರೆಲ್ಲ ಅಲೆಯಬೇಡಿ.

ಸುಲಭವಾಗಿ ಸಿಕ್ಕರೆ ಬಿಡಲೂಬೇಡಿ. ದಕ್ಷಿಣ ಕನ್ನಡ, ಉಡುಪಿ ಕಡೆಯವರಾದರೆ ಶೇಂದಿ ಇಳಿಸುವ ಮೂರ್ತೆದಾರರ ಸಂಘದ ಅಂಗಡಿಯಲ್ಲಿ ಕೇಳಿ ನೋಡಿ. ಇಡ್ಲಿ ಥರದ ಸನ್ನಾಕ್ಕೂ ಅದನ್ನೇ ಹಾಕುತ್ತಾರಲ್ವಾ. ಅವತ್ತೇ ಇಳಿಸಿದ್ದು ಬೇಕು, ಹಳೆಯದಾದಷ್ಟೂ ವಿನೆಗರ್ ಕಡೆಗೆ ಹೊರಳುತ್ತದೆ. ಬಾಟಲಿಯ ನೀರಾ ತಂದರೆ ನಡೆಯಲ್ಲ, ಅದನ್ನು ಹುಳಿಯದಂತೆ ಕಾಪಾಡಿಯೇ ಮಾರುವುದು.

ಇನ್ನು ಹಿಟ್ಟು. ರಾತ್ರಿ 150 ಗ್ರಾಂ ಮೈದಾ, 150 ಎಂಎಲ್ ನೀರು, ಚಿಟಿಕೆ ಇನ್‌ಸ್ಟಂಟ್ ಯೀಸ್ಟ್ ಕಲಸಿ ಮುಚ್ಚಿಡಿ. ಶೇಂದಿ ಇದ್ದರೆ ಈ ನೀರಿನ ಬದಲು ಅದನ್ನೇ ಹಾಕಿ, ಯೀಸ್ಟ್ ಬೇಡ. ಬೆಳಿಗ್ಗೆ ಮೇಲೆಲ್ಲ ಗುಳ್ಳೆ ಎದ್ದು, ಮೂಗಿಗೆ ಸ್ವಲ್ಪ ಹುಳಿ ಹುಳಿ ಬಡಿಯಬೇಕು. ಅದಕ್ಕೆ 250 ಗ್ರಾಂ ಗೋಧಿ ಹಿಟ್ಟು, ಇನ್ನೊಂದು 100 ಗ್ರಾಂ ಮೈದಾ, 10 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, ಅರ್ಧ ಚಮಚ ಯೀಸ್ಟ್ (ಶೇಂದಿ ಹಾಕಿದ್ದರೆ ಬೇಡ), ಸುಮಾರು 200 ಎಂಎಲ್ ನೀರು. ನೀರನ್ನು ಒಮ್ಮೆಲೇ ಸುರಿಯಬೇಡಿ. ಹತ್ತು ನಿಮಿಷ ಚೆನ್ನಾಗಿ ನಾದಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಒಂಚೂರು ಅಂಟುವ ಹಾಗಿರಲಿ. ದುಪ್ಪಟ್ಟಾಗುವವರೆಗೆ ಬಿಡಿ. ಶೇಂದಿ ಹಾಕಿದ್ದರೆ ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಒಂದೊಂದು ದಿನದ ಶೇಂದಿಗೆ ಒಂದೊಂದು ಕಸುವು.

ಪೂರ್ತಿ ಗೋಧಿ ಹಿಟ್ಟಿನಲ್ಲೇ ಮಾಡೋಣ ಅಂತ ನಿಮಗೆ ಅನಿಸಬಹುದು, ಆರೋಗ್ಯ ಅದೂ ಇದೂ ಅಂತ. ಬೇಡ. ನಮ್ಮ ಚಕ್ಕಿಯಲ್ಲಿ ಬೀಸುವಾಗ ಹಿಟ್ಟಿನ ಪಿಷ್ಟ ಜಾಸ್ತಿ ನುಗ್ಗಾಗುತ್ತದೆ. ಅದಕ್ಕೇ ಅದು ಅಷ್ಟು ನೀರು ಕುಡಿಯುವುದು, ಚಪಾತಿ ಮೆತ್ತಗಾಗುವುದು. ಅದೇ ಹಿಟ್ಟನ್ನು ಗಂಟೆಗಟ್ಟಲೆ ಹುದುಗಲು ಬಿಟ್ಟರೆ ಅಂಟಂಟಾಗಿ ಕೂರುತ್ತದೆ. ಮೇಲಿಂದ ತೌಡಿನ ಚೂರುಗಳು ಹಿಟ್ಟಿನ ಜಿಗುಟನ್ನು ಕತ್ತರಿಸುತ್ತವೆ, ಒಳಗಿನ ಗಾಳಿ ನಿಲ್ಲುವುದಿಲ್ಲ. ಅರ್ಧ ಮೈದಾ ಇದ್ದರೆ ಉಬ್ಬುತ್ತದೆ, ಗೋಧಿಯ ರುಚಿಯೂ ಉಳಿಯುತ್ತದೆ.

ಮೇಲೆ ಮೆತ್ತಲು ತೌಡು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಗಿರಣಿಯಲ್ಲಿ ಬೀಸಿಸಿದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದರೆ ಮೇಲೆ ಉಳಿಯುತ್ತಲ್ಲ, ಅದೇ. ಪ್ಯಾಕೆಟ್ ಹಿಟ್ಟಿನಲ್ಲಿ ಇಷ್ಟು ಸಿಗುವುದು ಕಷ್ಟ.

ಉಬ್ಬಿದ ಹಿಟ್ಟನ್ನು ಎಂಟು ಉಂಡೆ ಮಾಡಿ, ಕಾಲು ಗಂಟೆ ಬಿಟ್ಟು, ತೌಡಿನಲ್ಲಿ ಹೊರಳಿಸಿ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ತೆಳ್ಳಗೆ ತಟ್ಟಿ ಅಥವಾ ಲಟ್ಟಿಸಿ. ಎಲ್ಲ ಕಡೆ ಒಂದೇ ದಪ್ಪ ಇರಲಿ. ನಡುವೆ ತೆಳ್ಳಗಾದರೆ ಅಲ್ಲೇ ಹರಿದು ಹಬೆ ಹೊರಗೆ ಹೋಗುತ್ತದೆ. ಬಟ್ಟೆಯ ಮೇಲೆ ಅರ್ಧ ಗಂಟೆ ಮುಚ್ಚಿಡಿ. ಎತ್ತಿ ಹಾಕುವಾಗ ಬೆರಳು ಒತ್ತದ ಹಾಗೆ ನೋಡಿಕೊಳ್ಳಿ.

ಮನೆಯಲ್ಲಿ ಪೊಯಿ ಕೆಡುವುದು ಹೆಚ್ಚಾಗಿ ಶಾಖದಿಂದಲೇ. ಗೋವಾದ ಸೌದೆ ಭಟ್ಟಿಯಲ್ಲಿ ನೆಲ ಕೆಂಡದಷ್ಟು ಕಾದಿರುತ್ತದೆ, ಗುಮ್ಮಟದಿಂದಲೂ ಶಾಖ ಇಳಿಯುತ್ತದೆ. ಹಿಟ್ಟು ತಾಗಿದ ತಕ್ಷಣ ಮೇಲೆ, ಕೆಳಗೆ ಎರಡೂ ಕಡೆ ಚರ್ಮ ಕಟ್ಟಿ, ನಡುವಿನ ನೀರು ಹಬೆಯಾಗಿ ಎರಡನ್ನೂ ಬೇರೆ ಮಾಡುತ್ತದೆ. ಓಟಿಜಿಯ, ಅಂದರೆ ಮನೆಯ ಚಿಕ್ಕ ಕರೆಂಟ್ ಓವನ್‌ನ, ತೆಳು ಟ್ರೇಯಲ್ಲಿ ಅಷ್ಟು ಬೇಗ ಶಾಖ ಏರುವುದಿಲ್ಲ. ಅದಕ್ಕೆ ನಿಮ್ಮ ಮನೆಯ ದಪ್ಪ ಕಬ್ಬಿಣದ ದೋಸೆ ಹಂಚು ಒಳಗೆ ಹಿಡಿಸುತ್ತಾ ನೋಡಿ. ಮರದ ಹಿಡಿ ಇದ್ದರೆ ಬೇಡ. ಬೋರಲು ಹಾಕಿ, ಎರಡೂ ಕಡೆಯ ಕಾಯಿಲ್ ಹಚ್ಚಿ, 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ಕರೆಂಟ್ ಬಿಲ್ಲು ನೆನಪಾಗುತ್ತದೆ, ಆಗಲಿ. ಒಂದೋ ಎರಡೋ ಪೊಯಿ ನೇರ ಹಂಚಿನ ಮೇಲೆ ಹಾಕಿ ಬೇಗ ಬಾಗಿಲು ಮುಚ್ಚಿ.

ಗಾಜಿನಿಂದ ನೋಡುತ್ತಿದ್ದರೆ ಮೊದಲು ಅಂಚಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಪಕ್ಕದಲ್ಲಿ ಇನ್ನೊಂದು. ಎರಡೂ ಸೇರಿದವು ಅನ್ನುವಷ್ಟರಲ್ಲಿ ಮೇಲಿನ ಪದರ ಪೂರ್ತಿ ಎದ್ದು ನಿಲ್ಲುತ್ತದೆ, ತೌಡು ಅಲ್ಲಲ್ಲಿ ಬಿರುಕು ಬಿಡುತ್ತದೆ. ಆರರಿಂದ ಎಂಟು ನಿಮಿಷ ಸಾಕು. ಮುಂದಿನದನ್ನು ಹಾಕುವ ಮುಂಚೆ ಹಂಚಿನ ಮೇಲೆ ಉದುರಿದ ತೌಡನ್ನು ಇಕ್ಕಳದಲ್ಲಿ ಹಿಡಿದ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದು ಕರಕಾಗಿ ಆಮೇಲಿನ ಎಲ್ಲ ಪೊಯಿಗೂ ಸುಟ್ಟ ವಾಸನೆ ಹತ್ತುತ್ತದೆ.

ಸೌದೆಯ ಹೊಗೆ ವಾಸನೆ ಮಾತ್ರ ಬರಲ್ಲ. ಅದಕ್ಕೆ ಉಪಾಯಗಳನ್ನು ಹೇಳುವವರಿದ್ದಾರೆ, ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿಡಿ ಅಂತ. ಅದು ದಾಲ್‌ಗೆ ಸರಿ, ಬ್ರೆಡ್‌ಗೆ ಬೇಡ.

ಸಿಪ್ಪೆ ಗರಿಗರಿ ಬೇಕಿದ್ದರೆ ಹಾಗೇ ತಂತಿ ಜಾಲರಿಯ ಮೇಲಿಡಿ, ಮೆತ್ತಗೆ ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿ. ಸೀಳಿ ಒಳಗೆ ಪಲ್ಯ ತುಂಬಬಹುದು. ಗೋವಾದಲ್ಲಿ ತೆಳು ಬಟಾಟೆ ಭಾಜಿಗೆ ಅದ್ದಿಕೊಂಡು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಅವರೆಕಾಳು ಸಾರಿಗೆ ಜಾಸ್ತಿ ಬೇಡಿಕೆ. ಸಂಜೆ ಹೊತ್ತಿಗೆ ಪೊಯಿ ನಾರಾಗುತ್ತದೆ, ಅದು ಅದರ ಸ್ವಭಾವ. ಉಳಿದರೆ ಮರುದಿನ ಎರಡು ಹನಿ ನೀರು ಚಿಮುಕಿಸಿ ತವೆಯ ಮೇಲೆ ಮುಚ್ಚಿ ಬಿಸಿ ಮಾಡಿ. ಮೈಕ್ರೋವೇವ್‌ಗೆ ಹಾಕಿದರೆ ಜಗಿಯಲು ಹಲ್ಲು ಗಟ್ಟಿ ಇರಬೇಕು.