ಲಂಬಾಸಾದವರನ್ನು ‘ಇಂಡಿಯಾದಲ್ಲಿ ನಿಮ್ಮ ಊರು ಯಾವುದು’ ಅಂತ ಕೇಳಬಹುದಾ?

ನೀವು ಕೆಲಸದ ಮೇಲೆ ಫಿಜಿಯ ಲಂಬಾಸಾಕ್ಕೆ ಹೋಗುತ್ತಿದ್ದೀರಿ. ಅದು ಸಕ್ಕರೆ ಊರು, ನಮ್ಮವರ ಊರು ಅಂತ ಕೇಳಿದ್ದೀರಿ. ಅಲ್ಲಿಯವರ ಮೂಲ ಊರು ವಿಚಾರಿಸಿದರೆ ತಪ್ಪು ತಿಳಿಯುತ್ತಾರಾ ಅನ್ನುವುದು ನಿಮ್ಮ ಪ್ರಶ್ನೆ, ಅಲ್ವಾ?

ನಾನು ಅಲ್ಲಿ ಕೆಲವು ಕಾಲ ಮೇಷ್ಟ್ರಾಗಿದ್ದೆ. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ತುಂಬಾ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಇಂಡಿಯಾದಿಂದ ಹಡಗು ಹತ್ತಿದವರು ಮುತ್ತಜ್ಜನೋ ಅವರ ಅಪ್ಪನೋ. ರಾಜಧಾನಿ ಸುವಾದಲ್ಲಿರುವ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿ ಹಳೇ ವಲಸೆ ಪಾಸುಗಳಿವೆ. ಹೆಸರು, ಅಪ್ಪನ ಹೆಸರು, ಜಿಲ್ಲೆ, ಹಳ್ಳಿ ಎಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಹುಡುಕಿಸಿದ ಮನೆಯವರು ಖುಷಿಯಿಂದ ಹೇಳುತ್ತಾರೆ. ಉಳಿದವರನ್ನು ಲಂಬಾಸಾ ಸುತ್ತಲಿನ ಊರುಗಳ ಹೆಸರು ಹಿಡಿದು ‘ನೀವು ಬುಲಿಲೇಕಾದವರಾ, ವುನಿಮೋಲಿಯವರಾ’ ಅಂತ ಕೇಳಿ ನೋಡಿ. ಮಾತು ನಿಲ್ಲುವುದೇ ಇಲ್ಲ. ಅವರ ಊರು ಅದು.

1879ರಿಂದ 1916ರವರೆಗೆ ಸುಮಾರು 60,000 ಜನ ಐದು ವರ್ಷದ ಕೂಲಿ ಕರಾರಿನ ಮೇಲೆ ಫಿಜಿಗೆ ಬಂದರು. ಆ ಕರಾರೇ ಗಿರ್ಮಿಟ್. ಮೊದಲು ಕಲ್ಕತ್ತಾದಿಂದ, 1903ರಿಂದ ಮದ್ರಾಸಿನಿಂದಲೂ. ಲಂಬಾಸಾದ ಸಕ್ಕರೆ ಗಿರಣಿ ಶುರುವಾಗಿದ್ದು 1894ರಲ್ಲಿ. ಕಟ್ಟಿದ್ದು ಸಿಎಸ್‌ಆರ್ ಎಂಬ ಆಸ್ಟ್ರೇಲಿಯಾದ ಕಂಪನಿ. ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್, ಅದೂ ಹೇಳಿದ ಕೆಲಸ ಪೂರ್ತಿ ಮುಗಿಸಿದರೆ. ಕರಾರು ಮುಗಿದ ಮೇಲೂ ಜಾಸ್ತಿ ಜನ ಅಲ್ಲೇ ಉಳಿದು, ಸಣ್ಣ ಸಣ್ಣ ತುಂಡು ನೆಲ ಹಿಡಿದು ಕಬ್ಬು ಬೆಳೆದರು. ಸ್ಕೂಲು, ದೇವಸ್ಥಾನ, ಮಸೀದಿಗಳನ್ನು ತಮ್ಮ ದುಡ್ಡಿನಲ್ಲೇ ಕಟ್ಟಿಕೊಂಡರು. ಹಾಗಾಗಿ ಈ ಊರನ್ನು ಕಂಪನಿ ಮಾಡಿತು ಅಂದರೆ ನಾನು ಒಪ್ಪುವುದಿಲ್ಲ.

ಆದರೆ ನೆಲ ಅವರದಾಗಲಿಲ್ಲ. ಇದು ತಿಳಿಯದೆ ಲಂಬಾಸಾ ಅರ್ಥವಾಗುವುದಿಲ್ಲ. ಮೂಲನಿವಾಸಿಗಳ ಭೂಮಿ ಕೈತಪ್ಪಬಾರದು, ಅವರನ್ನು ತೋಟದ ಕೂಲಿಗೆ ದೂಡಬಾರದು ಅಂತ ಬ್ರಿಟಿಷ್ ಗವರ್ನರ್ ಆರ್ಥರ್ ಗಾರ್ಡನ್ ನಿರ್ಧರಿಸಿದ. ಆ ಕೂಲಿಗೆಂದೇ ನಮ್ಮವರನ್ನು ಕರೆಸಿದ್ದು. ಇವತ್ತಿಗೂ ದೇಶದ ಹೆಚ್ಚಿನ ಭೂಮಿ ಮತಂಗಾಲಿ ಎಂಬ ಕುಲಗಳದ್ದು. ಅದನ್ನು ಮಾರುವ ಹಾಗಿಲ್ಲ. ಮೂಲ ಫಿಜಿಯವರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಇತ್ತ ನೂರು ವರ್ಷ ಉತ್ತು ಬಿತ್ತಿದವನು ಗೇಣಿದಾರನಾಗಿಯೇ ಉಳಿದ. 1976ರ ಕಾನೂನು ಹೊಸದಾಗಿ 30 ವರ್ಷದ ಗೇಣಿ ಕೊಟ್ಟಿತು, ಹಳೇ ಗೇಣಿಗಳನ್ನು 20 ವರ್ಷ ಮುಂದುವರಿಸಿತು. 1997ರಿಂದ ಗೇಣಿಗಳು ಮುಗಿಯತೊಡಗಿದವು, ಎಷ್ಟೋ ಜನರಿಗೆ ಮತ್ತೆ ಸಿಗಲಿಲ್ಲ. ಮನೆ ಬಿಚ್ಚಿ, ತಗಡು ಮರ ಕಟ್ಟಿಕೊಂಡು ಸುವಾದ ಕಡೆ ಹೋದರು. 1987ರ ಮಿಲಿಟರಿ ದಂಗೆಯ ನಂತರ ಆಕ್ಲೆಂಡ್, ಸಿಡ್ನಿಗೆ ಹೋದವರೂ ಬಹಳ. ನನ್ನ ಕ್ಲಾಸಿನ ಜಾಣ ಮಕ್ಕಳು ಒಬ್ಬೊಬ್ಬರೇ ಹೊರಟಾಗ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಭಾಷೆಯ ಚಿಂತೆ ಬೇಡ. ಭೋಜಪುರಿ, ಅವಧಿ ಬೆರೆತ ಫಿಜಿ ಹಿಂದಿ ಕಿವಿಗೆ ಬೇಗ ಹತ್ತುತ್ತದೆ. ತಮಿಳು, ತೆಲುಗು ಮನೆತನದವರೂ ಮನೆಯಲ್ಲಿ ಅದನ್ನೇ ಆಡುತ್ತಾರೆ. ಮೂಲ ಫಿಜಿಯವರಲ್ಲೂ ಎಷ್ಟೋ ಜನ ಸರಾಗವಾಗಿ ಮಾತಾಡುತ್ತಾರೆ. ಮದ್ರಾಸಿನ ಕಡೆಯವರ ಮಾರಿಯಮ್ಮನ ಗುಡಿಗಳಲ್ಲಿ ಕೆಂಡ ತುಳಿಯುವುದನ್ನು ಸಾಧ್ಯವಾದರೆ ನೋಡಿ. ಊರಾಚೆ ನಾಗ ಮಂದಿರವಿದೆ. ಅಲ್ಲಿನ ಬಂಡೆ ಬೆಳೆಯುತ್ತಿದೆ ಅಂತ ಭಕ್ತರು ನಂಬುತ್ತಾರೆ.

ಜೂನ್‌ನಿಂದ ನವೆಂಬರ್ ಒಳಗೆ ಹೋದರೆ ಒಳ್ಳೆಯದು, ಗಿರಣಿ ನಡೆಯುತ್ತಿರುತ್ತದೆ. ಆಗ ಕಬ್ಬಿನ ಲಾರಿಗಳು ಸಾಲುಗಟ್ಟುತ್ತವೆ, ಪುಟ್ಟ ಹಳಿಗಳ ಮೇಲೆ ಕಬ್ಬಿನ ರೈಲೂ ಓಡುತ್ತದೆ. ಕಟಾವಿನ ಗ್ಯಾಂಗಿನ ಮುಖ್ಯಸ್ಥನನ್ನು ಇವತ್ತಿಗೂ ಸರ್ದಾರ್ ಅನ್ನುತ್ತಾರೆ. ಪರಿಚಯವಾದರೆ ಅವನ ಜೊತೆ ಒಂದು ಬೆಳಗ್ಗೆ ಗದ್ದೆಗೆ ಹೋಗಿ. ಗೇಣಿ, ಟನ್ನಿನ ರೇಟು, ಮಗ ಎಲ್ಲಿದ್ದಾನೆ, ಎಲ್ಲ ಅವನೇ ಹೇಳುತ್ತಾನೆ.